ಅತ್ತೆ ಕಂಡ ಭೂಭ್ರಮಣ

ಭೂಮಿ ತಿರುಗುತ್ತದೆ ಎಂದು ನೀವೂ ಓದಿದ್ದೀರಿ, ನಾನೂ ಓದಿದ್ದೇನೆ. ಆದರೆ ಅದು ತಿರುಗುವುದನ್ನು ಕಣ್ಣಾರೆ ಕಂಡವರು ಯಾರಿದ್ದಾರೆ ಹೇಳಿ? ನಮ್ಮ ಮನೆತನದಲ್ಲಿ ಒಬ್ಬಳಿದ್ದಾಳೆ! ನನ್ನ ಸೋದರತ್ತೆ, ಅಪ್ಪನ ಅಕ್ಕ. ಸವದತ್ತಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ‘ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ’ ಎಂದು ಹುಡುಗರಿಗೆ ಬಾಯಿಪಾಠ ಮಾಡಿಸಿ ನಿವೃತ್ತಳಾದವಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಬೈಲಹೊಂಗಲದ ನಮ್ಮ ಮನೆಯ ಮಂಚದ ಮೇಲೆ ಒಂದು ಮುಂಜಾನೆ ಬಲಮಗ್ಗುಲಿಗೆ ಹೊರಳಿದಾಗ ಅದನ್ನು ಪ್ರತ್ಯಕ್ಷ ನೋಡಿದಳು.

ನೋಡಿ ಸುಮ್ಮನಿರುವವಳೇ?

"ಏ, ಮನಿ ಹಿಡೀರಿ! ಬೀಳಾಕ ಹತ್ತೇತಿ!"

ಆ ದನಿಗೆ ಇಡೀ ಶಾಲೆ ನಡುಗುತ್ತಿತ್ತು, ನಾವು ಯಾವ ಲೆಕ್ಕ? ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾನು ಅರ್ಧ ದಾಡಿ ಮಾಡಿಕೊಂಡು ಓಡಿಬಂದೆ. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ ಮಂಚದ ಎರಡೂ ಪಟ್ಟಿ ಹಿಡಿದುಕೊಂಡಿದ್ದಳು. ಅರ್ಧ ನಿಮಿಷವಾದ ಮೇಲೆ ಒಂದು ಕಣ್ಣು ತೆರೆದು, "ಹಾಂ, ನಿಂತ್ತು. ಬಿಡ್ರಿ" ಅಂದಳು. ನೋಡಿದರೆ ನನ್ನ ಹೆಂಡತಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಅವುಚಿ ಹಿಡಿದು ನಿಂತಿದ್ದಾಳೆ!

"ನೀ ಯಾಕ ಚೌಕಟ್ಟ ಹಿಡದಿ?"

"ಹಿರೇರು ಮನಿ ಹಿಡೀರಿ ಅಂದ್ರು, ಹಿಡದೆ. ನೀವು ಬಂದು ಏನ ಹಿಡದ್ರಿ?"

ನನ್ನ ಕೈಯಲ್ಲಿ ದಾಡಿಯ ಬ್ರಷ್ ಇತ್ತು.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ಮದುವೆಯಾಗಲಿಲ್ಲ. ಸವದತ್ತಿಯಲ್ಲಿ ಎರಡು ಖೋಲಿಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಆ ಮನೆಯ ಕೀಲಿಕೈ ಸದಾ ಅವಳ ಸೊಂಟದಲ್ಲಿ. ವರ್ಷಕ್ಕೆ ಎರಡು ಸಲ ಬಂಧುಗಳ ತಪಾಸಣೆಗೆ ಹೊರಡುತ್ತಾಳೆ. ಎಂಟು ದಿನ ಕಿತ್ತೂರಿನ ಕಾಕಾನ ಮನೆ, ಎಂಟು ದಿನ ರಾಮದುರ್ಗದ ನನ್ನ ಅಕ್ಕನ ಮನೆ, ಎಂಟು ದಿನ ನಮ್ಮ ಮನೆ. ಒಂಬತ್ತನೆಯ ದಿನ ಬ್ರಹ್ಮ ಬಂದರೂ ನಿಲ್ಲುವುದಿಲ್ಲ. ಒಬ್ಬಳೇ ಬಸ್ಸು ಹತ್ತುತ್ತಾಳೆ. ಬಿಡಲು ಬರುತ್ತೇನೆಂದರೆ, "ಯಾಕ, ಬಸ್ಸಿಗೆ ನನ್ನ ಗುರ್ತ ಇಲ್ಲೇನು?" ಅನ್ನುತ್ತಾಳೆ. ಪಕ್ಕದ ಸೀಟಿನ ಮಗುವಿಗೆ ಹದಿಮೂರರ ಮಗ್ಗಿ ಕೇಳದೆ ಬಸ್ಸಿನಿಂದ ಇಳಿದವಳಲ್ಲ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗಲೂ ಅವಳ ಕಣ್ಣಲ್ಲಿ ನಾವು ನೀರು ನೋಡಲಿಲ್ಲ. ಹದಿಮೂರು ದಿನ ಒಲೆ ಮುಂದೆ ನಿಂತು ಬಂದವರಿಗೆಲ್ಲ ಉಣಬಡಿಸಿ, ಹದಿನಾಲ್ಕನೆಯ ದಿನ ಬಸ್ಸು ಹತ್ತಿದಳು.

ಇಂಥವಳಿಗೆ ಈಗ ಮಲಗಿದರೆ ತಲೆ ತಿರುಗುತ್ತಿತ್ತು, ಎದ್ದರೆ ತಿರುಗುತ್ತಿತ್ತು, ಗೋಡೆಯ ಎತ್ತರದ ಮಾಡದಲ್ಲಿನ ಡಬ್ಬಿ ನೋಡಲು ತಲೆ ಎತ್ತಿದರೆ ತಿರುಗುತ್ತಿತ್ತು. ಪ್ರತಿ ಸಲವೂ ಅರ್ಧ ನಿಮಿಷ, ಅಷ್ಟೇ. ಆದರೆ ಅರ್ಧ ನಿಮಿಷದ ಭೂಕಂಪಕ್ಕೆ ದಿನವಿಡೀ ಅಂಜಿಕೆ. ಗೋಡೆ ಮುಟ್ಟಿಕೊಂಡು ನಡೆಯತೊಡಗಿದಳು.

ಸುದ್ದಿ ಹೋದದ್ದೇ ತಡ, ಮೂರೂ ಊರು ಫೋನಿನಲ್ಲಿ ಸೇರಿದವು. ಕಿತ್ತೂರಿನ ಕಾಕಾ, "ಪಿತ್ತ ಅದು! ಹಸಿಶುಂಠಿ ಬೆಲ್ಲ ಕೊಡ್ರಿ" ಎಂದ. ರಾಮದುರ್ಗದ ಅಕ್ಕ, "ದೃಷ್ಟಿ ಆಗೇತಿ, ಉಪ್ಪು ಮೆಣಸಿನಕಾಯಿ ಇಳಿಸಿ ಒಗೀರಿ" ಎಂದಳು. ಔಷಧದಂಗಡಿಯವನು ಒಂದು ಗುಳಿಗೆ ಕೊಟ್ಟ. ಅದನ್ನು ನುಂಗಿ ಅತ್ತೆ ಮಧ್ಯಾಹ್ನವೆಲ್ಲ ಸೊಗಸಾಗಿ ನಿದ್ದೆ ಮಾಡಿದಳು. ಎದ್ದು ಬಲಕ್ಕೆ ಹೊರಳಿದಳು. "ಮನಿ ಹಿಡೀರಿ!"

ಕೊನೆಗೆ ಕಾಕಾ ಗಂಭೀರವಾಗಿ ಒಂದು ನಿರ್ಣಯ ಮಂಡಿಸಿದ. ಅತ್ತೆ ಇನ್ನು ಒಬ್ಬಳೇ ಇರುವುದು ಬೇಡ, ಸವದತ್ತಿಯ ಮನೆ ಬಿಟ್ಟುಬಿಡೋಣ, ಮೂರು ತಿಂಗಳಿಗೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಇಟ್ಟುಕೊಳ್ಳೋಣ. ಅಕ್ಕ ಹೂಂ ಅಂದಳು, ನಾನೂ ಹೂಂ ಅಂದೆ. ಸ್ಪೀಕರಿನಲ್ಲಿ ಎಲ್ಲ ಕೇಳುತ್ತ ಕುಳಿತಿದ್ದ ಅತ್ತೆ ಫೋನಿನ ಹತ್ತಿರ ಬಾಯಿ ತಂದಳು.

"ಮೊದಲ ನಾ ತಿರುಗಾಕ ಹತ್ತೇನಿ. ಸಾಲದ್ದಕ್ಕ ನೀವೂ ತಿರುಗಸ್ತೀರೇನು?"

ಅತ್ತ ಕಡೆ ಕೆಮ್ಮು ಕೇಳಿಸಿತು.

ಆದರೆ ನಾನೊಂದು ಕೆಲಸ ಮಾಡಿದ್ದೆ, ಒಪ್ಪಿಕೊಂಡುಬಿಡುತ್ತೇನೆ. ಅವಳು ಸ್ನಾನಕ್ಕೆ ಹೋದಾಗ ಬಿಚ್ಚಿಟ್ಟಿದ್ದ ಕೀಲಿಕೈಯನ್ನು ಎತ್ತಿ ನನ್ನ ಆಫೀಸ್ ಚೀಲದಲ್ಲಿ ಇಟ್ಟುಕೊಂಡಿದ್ದೆ. ಹೇಳದೆ ಕೇಳದೆ ಹೊರಟುಬಿಟ್ಟರೆ ಎಂಬ ಹೆದರಿಕೆ. ಅತ್ತೆಗೆ ಅದು ಗೊತ್ತಾಗಲು ಎರಡು ನಿಮಿಷ ಹಿಡಿಯಲಿಲ್ಲ.

"ಕೀಲಿಕೈ ಎಲ್ಲಿ ಐತಿ?"

"ಆರಾಮ ಆದ ಮ್ಯಾಲೆ ಕೊಡತೇನಿ ಅತ್ತಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆತು. ಆರಾಮ ಆಗತೇನಿ. ಒಬ್ಬಾಕಿನ ಬಸ್ ಹತ್ತಿ ಹೋಗಿ ನನ್ನ ಮನಿ ಕೀಲಿ ನಾನ ತೆಗೀತೇನಿ. ಬೇಕಾದ್ರ ಗ್ವಾಡಿ ಮ್ಯಾಲೆ ಬರದ ಇಟ್ಕೋ" ಅಂದಳು. ಈ ಛಲಕ್ಕೆ ಎದುರು ನಿಂತ ಮುಖ್ಯಾಧ್ಯಾಪಕರೇ ಉಳಿದಿಲ್ಲ, ಈ ತಲೆತಿರುಗಿನ ಗತಿಯೇನು!

ಮರುದಿನವೇ ಅವಳು ಕಾರಣ ಕಂಡುಹಿಡಿದಳು. ಸವದತ್ತಿಯಲ್ಲಿ ಮನೆಯ ಹತ್ತಿರದ ಅರಳಿಕಟ್ಟೆಗೆ, ಪರವೂರಿನಲ್ಲಿದ್ದರೆ ಅಲ್ಲಿಯ ತುಳಸಿಕಟ್ಟೆಗೆ, ದಿನಕ್ಕೆ ಹನ್ನೊಂದು ಪ್ರದಕ್ಷಿಣೆ ಹಾಕುವುದು ಅವಳ ನಲವತ್ತು ವರ್ಷದ ವ್ರತ. ಎಲ್ಲವೂ ಒಂದೇ ದಿಕ್ಕಿಗೆ! "ಹಗ್ಗಾನ ಒಂದ ಕಡೆ ತಿರುವಿಕೋತ ಹ್ವಾದ್ರ ಏನಾಕ್ಕತಿ? ಹುರಿ ಆಕ್ಕತಿ. ಬಿಟ್ಟ ಕೂಡ್ಲೆ ಗರಗರ ತಿರುಗತೈತಿ. ನನಗೂ ಹುರಿ ಆಗೇತಿ. ಬಿಚ್ಚಬೇಕು." ಹೇಳಿದವಳೇ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಲೆಕ್ಕ ಮಾಡಿದಳು. ದಿನಕ್ಕೆ ಹನ್ನೊಂದರಂತೆ ನಲವತ್ತು ವರ್ಷಕ್ಕೆ ಒಂದು ಲಕ್ಷ ಅರವತ್ತು ಸಾವಿರದ ಏಳುನೂರ ಹತ್ತು ಸುತ್ತು. ಅಧಿಕ ವರ್ಷದ ಫೆಬ್ರುವರಿ ಇಪ್ಪತ್ತೊಂಬತ್ತನ್ನೂ ಬಿಟ್ಟಿರಲಿಲ್ಲ! ದಿನಕ್ಕೆ ನೂರೆಂಟು ಉಲ್ಟಾ ಸುತ್ತಿದರೆ ನಾಲ್ಕು ವರ್ಷ ಇಪ್ಪತ್ತೇಳು ದಿನಕ್ಕೆ ಹುರಿ ಪೂರ್ತಿ ಬಿಚ್ಚುತ್ತದೆ. ಉಳಿಯುವ ಆರು ಸುತ್ತನ್ನು ದೇವರಿಗೆ ಬಿಟ್ಟಳು.

ನಾನು ಆಫೀಸಿಗೆ ಹೋದ ಮೇಲೆ ಅಂಗಳದ ತುಳಸಿಕಟ್ಟೆಯ ಸುತ್ತ ಕೆಲಸ ಶುರುವಾಯಿತು. ಹೆಂಡತಿ ಬಾಯಿ ಬಾಯಿ ಬಡಿದುಕೊಂಡಳು, "ಬ್ಯಾಡ್ರಿ ಅತ್ತಿ, ಉಲ್ಟಾ ಸುತ್ತೋದು ಯಾರರ ಸತ್ತಾಗ!" ಅತ್ತೆ ಕಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಎಣಿಸುತ್ತ, ಸುತ್ತುತ್ತಲೇ ಇದ್ದಳು.

ಎದುರುಮನೆಯ ಹೆಂಗಸು ತನ್ನ ಮಾಳಿಗೆಯಿಂದ ಇದನ್ನು ನೋಡಿದಳು. ಅಪ್ರದಕ್ಷಿಣೆ! ಅಂದರೆ ಈ ಮನೆಯಲ್ಲಿ ಸಾವಾಗಿದೆ! ಯಾರದು? ಮುದುಕಿ ಸುತ್ತುತ್ತಿದ್ದಾಳೆ, ಸೊಸೆ ಬಾಗಿಲಲ್ಲಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಾಳೆ. ಕಾಣದೆ ಇರುವವನು ಯಾರು? ಸಂಜೆ ಐದಕ್ಕೆ ಓಣಿಯ ನಾಲ್ಕು ಜನ ಹೆಂಗಸರು ಮುಖ ಬಾಡಿಸಿಕೊಂಡು ಮಾತಾಡಿಸಲು ಬಂದರು. ನನ್ನ ಹೆಂಡತಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದವಳು ಕೆಂಪು ಕಣ್ಣಲ್ಲೇ ಹೊರಗೆ ಬಂದಳು. ಇನ್ನೇನು ಸಾಕ್ಷಿ ಬೇಕು? ಅವಳನ್ನು ನಡುವೆ ಕೂರಿಸಿಕೊಂಡು ಬೆನ್ನು ಸವರತೊಡಗಿದರು. ಇವಳು ಅತ್ತೆಯ ಕಾಯಿಲೆಗೆ ಸಮಾಧಾನ ಹೇಳುತ್ತಿದ್ದಾರೆಂದು ತಿಳಿದು, "ಏನ ಮಾಡೋದ್ರಿ, ಬಂದದ್ದ ಅನುಭವಿಸಬೇಕು" ಎನ್ನುತ್ತಿದ್ದಳು. ಅಷ್ಟರಲ್ಲಿ ನಾನು ಚೀಲ ಹಿಡಿದು, ಚಪ್ಪಲಿ ಬಿಟ್ಟು, ಒಳಗೆ ಬಂದೆ.

"ಅಯ್ಯ ಶಿವನ! ಇವರ ಅದಾರಲ್ಲ!"

ಜೀವಂತ ಇರುವುದಕ್ಕೆ ನಾನು ಅಷ್ಟು ಸಂಕೋಚಪಟ್ಟದ್ದು ಅದೇ ಮೊದಲು. ಅವರಿಗೆಲ್ಲ ಚಹಾ ಕೊಟ್ಟು ಕಳಿಸುವುದರೊಳಗೆ ನನ್ನ ಪುನರ್ಜನ್ಮದ ಸುದ್ದಿ ಓಣಿಯ ಕೊನೆ ಮುಟ್ಟಿತ್ತು.

ನಾವು ನಗುತ್ತಿದ್ದಾಗಲೇ ಹೊರಗೆ ಧಪ್ಪೆಂದು ಸದ್ದಾಯಿತು. ಕೂತು ಎದ್ದು ದಿನವಿಡೀ ಸುತ್ತಿ ಆ ದಿನದ ನೂರೆಂಟು ಮುಗಿಸಿದ ಅತ್ತೆ ನಮಸ್ಕಾರಕ್ಕೆ ತಲೆ ಬಗ್ಗಿಸಿದ್ದಳು. ಲೋಕ ತಿರುಗಿತ್ತು. ಕಟ್ಟೆಯ ಕಲ್ಲನ್ನು ತಬ್ಬಿಕೊಂಡು ನೆಲದ ಮೇಲೆ ಕುಳಿತಿದ್ದಳು. ಹಣೆಯ ಮೇಲೆ ಸಣ್ಣ ಗಾಯ. "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಿದ್ದಳು. ಆದರೆ ಹಿಡಿದ ನನ್ನ ಮುಂಗೈ ಬಿಡಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಇದನ್ನು ಮೊದಲ ದಿನವೇ ಡಾಕ್ಟರರಿಗೆ ತೋರಿಸದೆ ಶುಂಠಿ ಬೆಲ್ಲ ಕೊಡುತ್ತ ಕುಳಿತ ನನ್ನ ಬುದ್ಧಿಗೆ ಏನನ್ನಬೇಕು?

ನಮ್ಮೂರಿಗೆ ವಾರಕ್ಕೊಮ್ಮೆ ಧಾರವಾಡದಿಂದ ಕಿವಿ ಮೂಗು ಗಂಟಲಿನ ಡಾಕ್ಟರು ಬರುತ್ತಾರೆ. ಸಣ್ಣ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು, ಅತ್ತೆಯನ್ನು ಮೇಜಿನ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮೇಜಿನ ಅಂಚಿನಿಂದ ತುಸು ಕೆಳಗೆ. "ಕಣ್ಣ ಮುಚ್ಚಬ್ಯಾಡ್ರಿ ಅಕ್ಕೋರ" ಎಂದರು. ಅತ್ತೆ ಹಲ್ಲು ಕಚ್ಚಿ ಕಣ್ಣು ತೆರೆದೇ ಇದ್ದಳು. ನಾನು ಬಗ್ಗಿ ನೋಡಿದೆ. ಕಣ್ಣಿನ ಪಾಪೆಗಳು ತಾವಾಗಿಯೇ ಕುಣಿಯುತ್ತಿದ್ದವು!

"ಸಿಕ್ಕಿತ್ರಿ ಕಳ್ಳ. ಬಲಗಿವಿ" ಎಂದು ಡಾಕ್ಟರು ನಕ್ಕರು. "ಕಿವಿ ಬರೇ ಕೇಳಾಕ ಅಷ್ಟ ಅಲ್ಲರಿ. ಒಳಗ ಬಳಿಯಂಥಾ ಮೂರು ಸಣ್ಣ ನಳಿಗಿ ಅದಾವ, ತುಂಬ ನೀರಿನಂಥಾದ್ದು ಐತಿ. ತಲಿ ತಿರುಗಿಸಿದ್ರ ಆ ನೀರು ಅಲ್ಲಾಡಿ ಮಿದುಳಿಗೆ ಸುದ್ದಿ ಕೊಡತೈತಿ. ಮಗ್ಗಲದಾಗ ಒಂದು ಸಣ್ಣ ಚೀಲ, ಅದರಾಗ ಸುಣ್ಣದ ಹರಳು, ಕಣ್ಣಿಗೆ ಕಾಣದಷ್ಟು ಸಣ್ಣವು. ವಯಸ್ಸಾದಂಗ ಅವು ಸಡಿಲಾಗಿ ನಳಿಗಿಯೊಳಗ ಹೊಕ್ಕಾವ. ನೀವು ಹೊರಳಿದ್ರ ಅವೂ ಉರುಳಿ ನೀರು ನೂಕತಾವ. ನೀವು ಸುಮ್ನ ಮಲಗಿದ್ರೂ ಕಿವಿ ‘ತಿರುಗಾಕ ಹತ್ತೇವಿ’ ಅಂತ ಸುಳ್ಳು ಸುದ್ದಿ ಕಳಸತೈತಿ."

ಅತ್ತೆ ಮಲಗಿದಲ್ಲಿಂದಲೇ ಕೇಳಿದಳು, "ಅಂದ್ರ ಮೂರನೇ ಇಯತ್ತೆ ಹುಡುಗ್ರು ನಾಲ್ಕನೇ ಇಯತ್ತೆ ಖೋಲಿಯೊಳಗ ಹೊಕ್ಕು ಗದ್ಲಾ ಹಾಕಾಕ ಹತ್ಯಾವ?"

"ಅಗದಿ ಬರೋಬ್ಬರಿ!"

"ಹಂಗಾರ ಗುಳಿಗಿ ಯಾಕ? ಎಬ್ಬಿಸಿ ಅವರ ಖೋಲಿಗೆ ಅಟ್ರಿ."

ಡಾಕ್ಟರು ಅದನ್ನೇ ಮಾಡಿದರು. ಬಲಕ್ಕೆ ತಿರುಗಿದ್ದ ತಲೆಯನ್ನು ತಿರುಗು ನಿಲ್ಲುವವರೆಗೆ ಹಾಗೇ ಹಿಡಿದು, ಮೆಲ್ಲಗೆ ಎಡಕ್ಕೆ ತಿರುಗಿಸಿದರು. ಮತ್ತೊಂದಿಷ್ಟು ಹೊತ್ತು. ಆಮೇಲೆ ಇಡೀ ಮೈಯನ್ನೇ ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವಂತೆ ಮಾಡಿ, ಕೊನೆಗೆ ಎಬ್ಬಿಸಿ ಕೂರಿಸಿದರು. ನನ್ನ ಮುಂಗೈಯಲ್ಲಿ ಅತ್ತೆಯ ನಾಲ್ಕು ಉಗುರಿನ ಗುರುತು ಮೂಡಿದ್ದವು. ಅವಳ ಮುಖ ಬೆವತು ಬೆಳ್ಳಗಾಗಿತ್ತು. ಆದರೂ ಬಾಯಿ ಬಿಟ್ಟವಳು ಕೇಳಿದ್ದೇನು?

"ಬಲದಿಂದ ಎಡಕ್ಕ ತಿರುವಿದ್ರೆಲ್ಲ? ಅಂದ್ರ ಪ್ರದಕ್ಷಿಣಿಗೆ ಉಲ್ಟಾ! ನೋಡಪಾ, ಹುರಿ ಬಿಚ್ಚಬೇಕು ಅಂತ ನಾ ಅಂದಿದ್ನಿಲ್ಲೋ?"

"ಎಡಗಿವಿ ಆಗಿದ್ರ ಎಡದಿಂದ ಬಲಕ್ಕ ತಿರುವತಿದ್ದೆ ರೀ" ಎಂದರು ಡಾಕ್ಟರು.

"ಅದು ದೇವರಿಗೆ ಉಲ್ಟಾ ಸುತ್ತಿದವರಿಗೆ."

ಮನೆಯಲ್ಲಿಯೂ ಇದನ್ನೇ ದಿನಕ್ಕೆ ಮೂರು ಸಲ ಹೆಗಲ ಕೆಳಗೆ ದಿಂಬಿಟ್ಟುಕೊಂಡು ಮಾಡಬೇಕು, ಪಕ್ಕದಲ್ಲಿ ಒಬ್ಬರಿರಬೇಕು. ಏಳುವಾಗ ಅವಸರ ಬೇಡ, ಒಮ್ಮೆಲೇ ತಿರುಗುವುದು ಬೇಡ. ತಲೆ ತಿರುಗಿದರೆ ಅಲ್ಲಾಡದ ಒಂದು ವಸ್ತುವಿನ ಮೇಲೆ ಕಣ್ಣು ನೆಡಬೇಕು. ಹಾಗಂತ ಅಂಜಿ ಹಾಸಿಗೆ ಹಿಡಿಯಬಾರದು. ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಕಿವಿ ಒಮ್ಮೆಲೇ ಕೇಳದಾದರೆ ಮಾತ್ರ ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಅತ್ತೆ ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡು, ಡಾಕ್ಟರರಿಗೆ ಓದಿ ಹೇಳಿ, ಸರಿಯೆಂದು ಅನ್ನಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ, "ನಾ ಒಬ್ಬಾಕಿನ ನನ್ನ ಮನಿಗೆ ಹೋಗಬಹುದಿಲ್ಲೋ?"

"ಮೂರು ದಿನ ಹೊರಳಿದಾಗೆಲ್ಲ ತಿರುಗದಿದ್ರ ಆರಾಮ ಹೋಗ್ರಿ. ಮತ್ತ ಯಾವಾಗರ ಬಂತಂದ್ರ ನನ್ನ ಕಡೆ ಬರ್ರಿ, ಅಂಜೂ ಕಾರಣಿಲ್ಲ."

ಸುಣ್ಣದ ಹರಳೆಂಬ ಮಾತು ಮಾತ್ರ ಅತ್ತೆಯ ತಲೆಯಲ್ಲಿ ಉಳಿದುಬಿಟ್ಟಿತು. ಊಟವಾದ ಮೇಲೆ ಎಲೆ ಅಡಿಕೆ ಹಾಕುವವಳು, ಅಂದಿನಿಂದ ಬಲದ ದವಡೆಗೆ ಅದನ್ನು ಸೋಕಿಸುವುದೇ ಇಲ್ಲ!

ಇನ್ನು ಮನೆಯ ಗೋಡೆ ಗಡಿಯಾರ. ಅದು ನಿಂತು ಎರಡು ತಿಂಗಳಾಗಿತ್ತು. ನನ್ನ ಹೆಂಡತಿ ಅದೇ ವಾರ ಹೊಸ ಸೆಲ್ಲು ತರಿಸಿದಳು. ಅತ್ತೆ ಹಾಕಗೊಡಲಿಲ್ಲ. "ಈ ಮನಿಯೊಳಗ ಅಲ್ಲಾಡದ್ದ ಅಂದ್ರ ಅದೊಂದ ಐತಿ. ಅದನ್ನೂ ತಿರುಗಸಬ್ಯಾಡ." ನಾವು ಮೊಬೈಲಿನಲ್ಲಿ ಗಂಟೆ ನೋಡುತ್ತ, ಸದಾ ಹತ್ತೂ ಇಪ್ಪತ್ತರಲ್ಲಿ ಬದುಕಿದೆವು.

ವ್ಯಾಯಾಮ ಶುರುವಾಯಿತು. ನಾನು ಮಂಚದ ಎದುರು ಕುರ್ಚಿ ಹಾಕಿಕೊಂಡು ಕುಳಿತು ವಹಿ ನೋಡಿ ಹೇಳುವವನು, ಅವಳು ಮಾಡುವವಳು. "ಬಲಕ್ಕ ತಿರುಗು. ಹಿಂದಕ್ಕ ಮಲಗು. ಈಗ ಎಡಕ್ಕ." ಮೂರು ದಿನ, ದಿನಕ್ಕೆ ಮೂರು ಸಲ, ಒಂದೂ ತಪ್ಪಿಸಲಿಲ್ಲ. ಆದರೆ ಮಲಗುವಾಗ ಬಲಕ್ಕೆ ಹೊರಳಿದರೆ ಭೂಮಿ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಮೂರನೆಯ ದಿನ ಕಾಕಾ ಫೋನು ಮಾಡಿ, "ಮೊದಲನೇ ಸರದಿ ನಿಮ್ಮದ ಇರಲಿ ಹಂಗಾರ" ಎಂದ. ಅತ್ತೆ ನಿಂತ ಗಡಿಯಾರದ ಕಡೆ ನೋಡುತ್ತ ಕುಳಿತಳು. ನಾನು ಫೋನು ಇಟ್ಟುಬಿಟ್ಟೆ.

ಅಂದು ಸಂಜೆ ವ್ಯಾಯಾಮದ ಹೊತ್ತಿಗೆ ನನ್ನ ಹೆಂಡತಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅತ್ತಿ, ಇವರು ಬಲಕ್ಕ ಅಂದ್ರ ನೀವು ಎಡಕ್ಕ ತಿರುಗಾಕ ಹತ್ತೀರಲ್ಲರಿ!"

"ಏನ ಮಾತಾಡ್ತಿಯವಾ? ಇದ ಬಲಗೈ" ಎಂದು ಅತ್ತೆ ಕೈ ಎತ್ತಿ ತೋರಿಸಿದಳು. ಎತ್ತಿದ್ದು ಎಡಗೈ.

ನನಗೆ ಡಾಕ್ಟರು ಹೇಳಿದ್ದ ದೊಡ್ಡ ಆಸ್ಪತ್ರೆ ನೆನಪಾಯಿತು. ಅತ್ತೆ ತನ್ನ ಕೈಯನ್ನೇ ದಿಟ್ಟಿಸಿದಳು, ಎದುರಿಗೆ ಕುಳಿತ ನನ್ನನ್ನು ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ಕೈ ಇಳಿಸಿದಳು.

"ಕವಾಯತು" ಅಂದಳು. "ಹುಡುಗ್ರ ಎದುರಿಗೆ ನಿಂತು ಬಲಗೈ ಎತ್ರಿ ಅಂತ ಹೇಳಬೇಕಾರ ನಾ ಎಡಗೈ ಎತ್ತಬೇಕು. ಅಂದ್ರನ ನೋಡಿ ಬರೋಬ್ಬರಿ ಎತ್ತತಾವ. ಅಷ್ಟು ವರ್ಷ ಹಂಗ ಮಾಡೇನಿ. ಎದುರಿಗೆ ಯಾರರ ಕುಂತ್ರಂದ್ರ ನನ್ನ ಬಲ ಯಾವುದು ಅನ್ನೋದ ನನಗ ಮರತ ಹೋಗೇತಿ ನೋಡು."

ಮೂರು ದಿನ ನಾವು ಏನೂ ಆಗದ ಎಡಗಿವಿಗೆ ಉಪಚಾರ ಮಾಡಿದ್ದೆವು! ಎದುರಿಗೇ ಕುಳಿತು ನೋಡುತ್ತಿದ್ದ ನನಗೂ ಗೊತ್ತಾಗಿರಲಿಲ್ಲ. ಯಾಕೆ ಹೇಳಿ? ನಾನೂ ಅವಳ ಶಾಲೆಯಲ್ಲೇ ಕಲಿತವನು!

ಉಪಾಯವನ್ನೂ ಅವಳೇ ಹುಡುಕಿದಳು. ಇನ್ನು ಮೇಲೆ ನಾನು ಎದುರಿಗೆ ಮುಖ ಹಾಕಿ ಕೂರುವಂತಿಲ್ಲ. ಅವಳ ಮುಂದೆ, ಅವಳಿಗೆ ಬೆನ್ನು ಹಾಕಿ ಕೂರಬೇಕು. ನಾನು ಬಲಕ್ಕೆ ತಿರುಗಬೇಕು, ಅವಳು ನನ್ನನ್ನು ನೋಡಿ ಬಲಕ್ಕೆ ತಿರುಗಿ ಮಲಗಬೇಕು. ಹೀಗೆ ಏನೂ ರೋಗವಿಲ್ಲದ ನಾನೂ ದಿನಕ್ಕೆ ಮೂರು ಸಲ ಕತ್ತು ತಿರುಗಿಸತೊಡಗಿದೆ. ಹಿಂದಿನಿಂದ ಟೀಕೆ ಬೇರೆ.

"ನಿನ್ನ ತಲಿ ಹಿಂದಿನ ಮಗ್ಗಲ ಸಪಾಟ ಐತಲ್ಲೋ! ತೊಟ್ಟಿಲದಾಗ ನಿಮ್ಮವ್ವ ನಿನ್ನ ಹೊರಳಿಸೇ ಇಲ್ಲ."

"ಅಪ್ಪಂದೂ ಹಂಗ ಇತ್ತಲ್ಲ ಅತ್ತಿ."

ನಾನು ಬೆನ್ನು ಹಾಕಿದ್ದರಿಂದ ಅವಳ ಮುಖ ಕಾಣಲಿಲ್ಲ.

ಎರಡು ದಿನಕ್ಕೆ ತಿರುಗು ಕಡಿಮೆಯಾಯಿತು. ನಾಲ್ಕನೆಯ ದಿನ ನಿಂತಿತು. ಆಮೇಲೆ ಮೂರು ದಿನ ತನಗೆ ತಾನೇ ಪರೀಕ್ಷೆ ಇಟ್ಟುಕೊಂಡಳು. ಬಲಮಗ್ಗುಲು, ಎಡಮಗ್ಗುಲು, ಮಾಡದ ಡಬ್ಬಿ, ತುಳಸಿಗೆ ನಮಸ್ಕಾರ. ನಾನೂ ನನ್ನ ಹೆಂಡತಿಯೂ ಮೇಲ್ವಿಚಾರಕರು. ಎಲ್ಲದರಲ್ಲೂ ಪಾಸು. ಒಂದು ಮುಂಜಾನೆ ಅತ್ತೆ ಸೀರೆ ಉಟ್ಟು, ಚೀಲ ಹೆಗಲಿಗೇರಿಸಿ, ನನ್ನ ಮುಂದೆ ಅಂಗೈ ಚಾಚಿ ನಿಂತಳು. ನಾನು ಕೀಲಿಕೈ ಇಟ್ಟೆ.

"ಬಸ್‌ಸ್ಟ್ಯಾಂಡ್ ತನಕ..." ಎಂದೆ.

"ಒಬ್ಬಾಕಿನ" ಅಂದಳು.

ಅವಳು ಓಣಿ ದಾಟುವವರೆಗೆ ಕಾದೆ. ಆಮೇಲೆ ಅಂಗಿ ಸಿಕ್ಕಿಸಿಕೊಂಡು ಓಡಿದೆ! ಸವದತ್ತಿ ಬಸ್ಸಿನ ಎರಡನೆಯ ಸಾಲಿನಲ್ಲಿ ಅವಳು ಕುಳಿತಿದ್ದಳು. ಗದ್ದಲದಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡು ನಾನು ಕೊನೆಯ ಸೀಟು ಸೇರಿ, ಒಂದು ಪೇಪರನ್ನು ಅಗಲವಾಗಿ ಹಿಡಿದುಕೊಂಡೆ. ಬಸ್ಸು ಬಿಟ್ಟಿತು. ಕಂಡಕ್ಟರ್ ಅತ್ತೆಗೆ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ ಹರಿದು ಕೊಟ್ಟ. ಅವಳು ತಲೆ ತಿರುಗಿಸದೆ ಗಟ್ಟಿಯಾಗಿ ಹೇಳಿದಳು:

"ಕಡೀ ಸೀಟಿನ್ಯಾಗ ಕನ್ನಡಕ ಇಲ್ಲದ ಪೇಪರ್ ಓದಾಕ ಹತ್ತಾನಲ್ಲ ಒಬ್ಬಾಂವ, ಅವಗ ಸವದತ್ತಿ ಟಿಕೆಟ್ ಕೊಡ್ರಿ."

ಇಡೀ ಬಸ್ಸು ಹಿಂದೆ ತಿರುಗಿ ನೋಡಿತು. ಕನ್ನಡಕ ಮನೆಯಲ್ಲೇ ಉಳಿದಿತ್ತು.

ರಸ್ತೆ ಚೆನ್ನಾಗಿರಲಿಲ್ಲ. ಬಸ್ಸು ಕುಲುಕುತ್ತಿತ್ತು, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಅತ್ತಿತ್ತ ವಾಲುತ್ತಿತ್ತು. ಅತ್ತೆ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದು ನನಗೆ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಹುಡುಗಿ ಇದ್ದರೂ ಮಗ್ಗಿ ಕೇಳಿರಲಿಲ್ಲ. ನಡುವಿನ ಒಂದು ಹಳ್ಳಿಯಲ್ಲಿ ಅವಳ ಮುಂದಿನ ಸೀಟು ಖಾಲಿಯಾಯಿತು. ಅವಳ ಕೈ ಮೇಲೆದ್ದು ನನ್ನನ್ನು ಕರೆಯಿತು. ಹೋದೆ. ಮುಖ ಬಿಳಿಚಿತ್ತು.

"ತಿರುಗತೈತೇನು ಅತ್ತಿ?"

"ತಿರುಗಿಲ್ಲ. ತಿರುಗೀತು ಅಂತ ಅಂಜಿಕಿ. ಕಣ್ಣ ನೆಡಾಕ ಈ ಬಸ್ಸಿನ್ಯಾಗ ನಿಂತದ್ದ ಒಂದೂ ಇಲ್ಲ. ನೀ ಮುಂದ ಕುಂದ್ರು. ಮನ್ಯಾಗ ಕುಂದರತಿದ್ದಿಲ್ಲ, ಹಂಗ. ಹೊಳ್ಳಿ ನೋಡಬ್ಯಾಡ."

ಕುಳಿತೆ. ಕಂಡಕ್ಟರ್ ಬಂದು, "ಹೆಣ್ಮಕ್ಕಳ ಸೀಟ್ ರೀ ಅದು" ಎಂದ.

"ಇರಲಿ ಬಿಡ್ರಿ" ಎಂದಿತು ಹಿಂದಿನಿಂದ ಅತ್ತೆಯ ದನಿ. "ಅಂವ ನನ್ನ ಔಷಧಾ."

ಬಸ್ಸು ಹೊರಟಿತು. ನಾನು ಕತ್ತು ಸೆಟೆಸಿಕೊಂಡು ನೇರ ಮುಂದೆ ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಹಿಂದಲೆಗೆ ಮಾತಾಡತೊಡಗಿದಳು, ಬೇರೆ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ.

"ಸಣ್ಣವರಿದ್ದಾಗ ಸಾಲಿಗೆ ಹೋಗಬೇಕಾರ ನಿಮ್ಮಪ್ಪನ್ನ ಮುಂದ ಬಿಟ್ಟು ನಾ ಹಿಂದ ನಡೀತಿದ್ದೆ. ಎಲ್ಲೆರ ಓಡಿ ಹೋದಾನು ಅಂತ ಅವನ ತಲಿ ಮ್ಯಾಲಿನ ಕಣ್ಣ ತೆಗೀತಿರಲಿಲ್ಲ. ಇದ ತಲಿ. ಇದ ಸಪಾಟ." ಬಸ್ಸು ಒಮ್ಮೆ ಕುಲುಕಿತು. "ಮೂರು ವರ್ಷ ಆತು, ನನಗ ಕಣ್ಣಿಡಾಕ ಎಲ್ಲೂ ಜಾಗಾನ ಇರಲಿಲ್ಲೋ ತಮ್ಮಾ."

ಆಮೇಲೆ ಅವಳು ಅಳುತ್ತಿರುವುದು ಕೇಳಿಸಿತು. ನನಗೂ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಬೇಕೆನ್ನಿಸಿತು, ತಿರುಗಿ ಅವಳ ಕೈ ಹಿಡಿಯಬೇಕೆನ್ನಿಸಿತು. ಆದರೆ ತಲೆ ಅಲ್ಲಾಡಿಸುವಂತಿರಲಿಲ್ಲ. ಕಣ್ಣೀರು ಗಲ್ಲದ ಮೇಲೆ ಇಳಿದು ಅಂಗಿಯ ಕಾಲರಿಗೆ ಮುಟ್ಟಿತು. ಮುಂದೆ ಎಲ್ಲಮ್ಮನ ಗುಡ್ಡ ಕಂಡಿತು. ಹಿಂದಿನಿಂದ, "ಹದಿಮೂರ್ಲೆ ಏಳು ಎಷ್ಟವಾ?" ಎಂದು ಪಕ್ಕದ ಹುಡುಗಿಗೆ ಕೇಳಿದ್ದು ಕಿವಿಗೆ ಬಿತ್ತು. ಆಗ ಉಸಿರು ಬಿಟ್ಟೆ.

ಸವದತ್ತಿ ಬಂತು. ಜನರೆಲ್ಲ ಎದ್ದರು. ನಾನು ಏಳಲಿಲ್ಲ. ನನ್ನ ತಲೆಯ ಮೇಲೆ ಅವಳ ಕೈ ಬಂದು ಕುಳಿತ ಮೇಲೆಯೇ ಕತ್ತು ಸಡಿಲ ಮಾಡಿದೆ.

"ಏಳಪಾ. ಇನ್ನ ನೀ ಹೊಳ್ಳಿ ಹೋಗು. ಇಲ್ಲಿಂದ ಮುಂದ ನಾ ಒಬ್ಬಾಕಿನ."

ಕೀಲಿಕೈಯನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಬಸ್‌ಸ್ಟ್ಯಾಂಡ್ ದಾಟಿ, ಬಜಾರದ ಗದ್ದಲದಲ್ಲಿ, ಯಾವ ಗೋಡೆಯನ್ನೂ ಮುಟ್ಟದೆ ನಡೆದಳು. ನಾನು ನಿಂತು ಅವಳ ಬಿಳಿ ತುರುಬನ್ನೇ ನೋಡುತ್ತಿದ್ದೆ. ಮೂಲೆ ತಿರುಗುವಾಗಲೂ ಅವಳು ಹಿಂದಿರುಗಿ ನೋಡಲಿಲ್ಲ. ಒಮ್ಮೆಲೇ ತಿರುಗಬೇಡಿ ಎಂದು ಡಾಕ್ಟರು ಹೇಳಿದ್ದರಲ್ಲ, ಅದಕ್ಕೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.